ಜೈನ ಮನೆಮದ್ದಿನ ಪ್ರತಿಗಳಲ್ಲಿ ‘ಜೇನು’: ಒಂದು ಪಾಠವಿಚಾರ

ಮೈಸೂರು ನಗರದ ಚಾಮರಾಜಪುರಂನಲ್ಲಿರುವ ಒಂದು ಹಳೆಯ ಜೈನ ಮನೆತನದವರ ಬಳಿ ಮನೆಮದ್ದಿನ ಕೈಬರಹದ ಪುಸ್ತಕವೊಂದಿದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ಅದನ್ನು ನಕಲು ಮಾಡಿಕೊಂಡೆನು. ಅದು ತಾಡಪತ್ರವಲ್ಲ, ಕಾಗದದ್ದು. ಮುಂದಿನಿಂದ ಮನೆಯ ಖರ್ಚಿನ ಲೆಕ್ಕ, ಹಿಂದಿನಿಂದ ತಿರುಗಿಸಿ ಬರೆದ ಮದ್ದುಗಳು. ಮಂಗಲಶ್ಲೋಕವಾಗಲಿ ಪ್ರಶಸ್ತಿಯಾಗಲಿ ಕರ್ತೃವಿನ ಹೆಸರಾಗಲಿ ಅದರಲ್ಲಿಲ್ಲ. ಆದುದರಿಂದ ಗ್ರಂಥವೆಂಬ ಹೆಸರಿಗೆ ಅದು ಅರ್ಹವಲ್ಲವೆಂದು ಅಂದು ನಾನೂ ಭಾವಿಸಿದ್ದೆನು. ಅದರಲ್ಲಿ ಕೆಮ್ಮಿಗೆ ಹೇಳಿದ ಒಂದು ಯೋಗವಿದೆ. ಶುಂಠಿ, ಮೆಣಸು, ಹಿಪ್ಪಲಿಗಳನ್ನು ಸಮಭಾಗವಾಗಿ ಪುಡಿಮಾಡಿ ಜೇನಿನಲ್ಲಿ ಕಲಸಿ ನೆಕ್ಕಬೇಕೆಂದು ಮಸಿಯಲ್ಲಿ ಬರೆದಿದೆ. ‘ಜೇನು’ ಎಂಬ ಪದದ ಮೇಲೆ, ಅದನ್ನು ಹೊಡೆದುಹಾಕದೆ, ಬೇರೊಂದು ಕೈ ಸೀಸದ ಕಡ್ಡಿಯಿಂದ ‘ಹಳೇ ಬೆಲ್ಲ’ ಎಂದು ಬರೆದಿದೆ. ಜೈನರ ಮನೆಯ ಮದ್ದಿಗೆ ಜೇನೆಲ್ಲಿಂದ ಬಂತು, ಇದು ಬರೆದವರ ಪ್ರಮಾದ, ಮೇಲಿನದೇ ಶುದ್ಧಪಾಠ ಎಂದು ತೀರ್ಮಾನಿಸಿ ನನ್ನ ನಕಲಿನಲ್ಲಿ ‘ಬೆಲ್ಲ’ ಎಂದಷ್ಟೇ ಬರೆದುಕೊಂಡೆನು. ‘ಹಳೇ’ ಎಂಬುದು ನನಗೆ ವ್ಯರ್ಥವಿಶೇಷಣವಾಗಿ ತೋರಿತು. ಆ ನಕಲನ್ನೇ ನಂಬಿ, ಜೈನರ ಮನೆಮದ್ದಿನಲ್ಲಿ ಜೇನಿಗೆ ಸ್ಥಾನವಿಲ್ಲವೆಂದು ಒಂದೆರಡು ಸಭೆಗಳಲ್ಲಿ ಹೇಳಿದ್ದೂ ಉಂಟು.

ಈಚೆಗೆ ಮತ್ತೊಂದು ಕಾರ್ಯನಿಮಿತ್ತ ಆ ಮನೆಗೆ ಹೋದಾಗ ಮನೆಯ ಹಿರಿಯರಾದ ಅಜ್ಜಿಯವರು ಪುಸ್ತಕವನ್ನು ಮತ್ತೆ ತೆಗೆದುಕೊಟ್ಟು ಹೇಳಿದ ಮಾತು ಇದು: “ಕೆಳಗಿನದು ನಮ್ಮ ಮಾವನವರ ಬರಹ, ಮೇಲಿನದು ಅತ್ತೆಯವರದು. ಅತ್ತೆ ವ್ರತ ತೆಗೆದುಕೊಂಡ ಮೇಲೆ ಮನೆಗೆ ಜೇನು ಬರಲಿಲ್ಲ. ಆದರೆ ಬೀದಿಯವರು ಬಂದು ಕೇಳಿದರೆ ಮಾವನವರು ಹೇಳುತ್ತಿದ್ದದ್ದು ಕೆಳಗಿನದನ್ನೇ, ಪಂಡಿತರೆ.” ಹೀಗೆ ನಾನು ಪ್ರಮಾದವೆಂದು ಅಳಿಸಿದ್ದು ಒಂದು ಮನೆಯ ಎರಡು ಕಾಲಗಳನ್ನು, ಎರಡು ವ್ರತಸ್ಥಿತಿಗಳನ್ನು ಒಂದೇ ಸಾಲಿನಲ್ಲಿ ಉಳಿಸಿಕೊಂಡಿದ್ದ ಸಾಕ್ಷ್ಯವಾಗಿತ್ತು. ತಾನು ಸೇವಿಸದ ಜೇನನ್ನು ಪರರಿಗೆ ಹೇಳಿದ ಆ ಹಿರಿಯರಿಗೆ ಕಾರಿತ, ಅನುಮೋದನೆಗಳ ದೋಷ ತಗುಲುವುದೋ ಇಲ್ಲವೋ ಎಂಬ ಪ್ರಶ್ನೆಯನ್ನು ನಮ್ಮ ಓದುಗರಲ್ಲಿ ಕೆಲವರು ಎತ್ತಬಹುದು. ಅದು ಶ್ರಾವಕಾಚಾರದ ನಿರ್ಣಯಕ್ಕೆ ಬಿಟ್ಟ ವಿಷಯ. ಪಾಠಶೋಧಕನ ಮುಂದಿರುವ ಪ್ರಶ್ನೆ ಬೇರೆ. ಜೈನ ವೈದ್ಯಪ್ರತಿಯೊಂದರಲ್ಲಿ ಜೇನು, ಹಸಿಶುಂಠಿ, ಬೇವಿನ ಹೂ ಮುಂತಾದ ನಿಷಿದ್ಧ ವಸ್ತುವಿನ ಹೆಸರು ಕಂಡಾಗ, ಅಥವಾ ಅವುಗಳ ಬದಲಿಗೆ ಬೇರೊಂದು ವಸ್ತು ಕಂಡಾಗ, ಅದರಿಂದ ಏನನ್ನು ಊಹಿಸಬಹುದು, ಏನನ್ನು ಊಹಿಸಬಾರದು?

ನಿಷೇಧದ ಸ್ವರೂಪವನ್ನು ಮೊದಲು ನೋಡಬೇಕು. ಸಮಂತಭದ್ರಸ್ವಾಮಿಗಳು ರತ್ನಕರಂಡಕದಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗವನ್ನೂ ಐದು ಅಣುವ್ರತಗಳನ್ನೂ ಕೂಡಿಸಿ ಅಷ್ಟಮೂಲಗುಣಗಳೆಂದು ಹೇಳಿದ್ದಾರೆ. ಮುಂದೆ ಭೋಗೋಪಭೋಗಪರಿಮಾಣದ ಸಂದರ್ಭದಲ್ಲಿ ಫಲ ಅಲ್ಪವಾಗಿಯೂ ಘಾತ ಬಹುವಾಗಿಯೂ ಇರುವ ವಸ್ತುಗಳನ್ನು ಬಿಡಬೇಕೆಂದು ಹೇಳುವಾಗ ಮೂಲಂಗಿ, ಹಸಿಶುಂಠಿ, ಬೆಣ್ಣೆ, ಬೇವಿನ ಹೂ, ಕೇದಗೆಗಳನ್ನು ಹೆಸರಿಸುತ್ತಾರೆ. ಶುಂಠಿಗೆ ‘ಆರ್ದ್ರ’ ಎಂಬ ವಿಶೇಷಣವನ್ನು ಅವರು ಸುಮ್ಮನೆ ಸೇರಿಸಿಲ್ಲ. ಮಣ್ಣಿನಿಂದ ತೆಗೆದು ಹಸಿಯಾಗಿರುವಾಗ ಅನಂತಕಾಯವಾದುದು ಒಣಗಿದ ಮೇಲೆ ಪ್ರಾಸುಕವಾಗುತ್ತದೆ. ಕನ್ನಡದಲ್ಲಿ ಹಸಿಯದಕ್ಕೆ ‘ಅಲ್ಲ’, ಒಣಗಿದ್ದಕ್ಕೆ ‘ಶುಂಠಿ’ ಎಂಬ ಬೇರೆ ಬೇರೆ ಹೆಸರುಗಳಿರುವುದರಿಂದ ನಮ್ಮ ವೈದ್ಯಪ್ರತಿಗಳಲ್ಲಿ ಈ ಭೇದ ಬಹುಮಟ್ಟಿಗೆ ಸ್ಪಷ್ಟವಾಗಿಯೇ ಉಳಿದಿದೆ. ಸಂಸ್ಕೃತದಲ್ಲಿಯೂ ಆರ್ದ್ರಕ, ನಾಗರ ಎಂಬ ಪ್ರತ್ಯೇಕ ನಾಮಗಳುಂಟು. ‘ಹಸಿಶುಂಠಿ’, ‘ಒಣಶುಂಠಿ’ ಎಂಬ ಈಚಿನ ರೂಢಿ ಬಂದ ಮೇಲೆ ವಿಶೇಷಣ ಬಿಟ್ಟುಹೋದೆಡೆಗಳಲ್ಲಿ ಮಾತ್ರ ಸಂದೇಹಕ್ಕೆ ಆಸ್ಪದವಾಗುತ್ತದೆ.

ಅದೇ ರತ್ನಕರಂಡಕದ ಸಲ್ಲೇಖನಾಪ್ರಕರಣವನ್ನು ವೈದ್ಯದೃಷ್ಟಿಯಿಂದ ಓದುವವರು ವಿರಳ. ಉಪಸರ್ಗ, ದುರ್ಭಿಕ್ಷ, ಜರೆ, ರೋಗ ಇವು ಪ್ರತೀಕಾರವಿಲ್ಲದವು ಆದಾಗ ಮಾತ್ರ ಧರ್ಮಾರ್ಥವಾಗಿ ಶರೀರವನ್ನು ಬಿಡಬಹುದೆಂದು ಅಲ್ಲಿ ವಿಧಿಸಿದೆ. ಅಂದರೆ ಪ್ರತೀಕಾರವಿರುವವರೆಗೆ ಚಿಕಿತ್ಸೆ ಕರ್ತವ್ಯ. ಸಮಂತಭದ್ರರಿಗೇ ಭಸ್ಮಕವ್ಯಾಧಿ ಬಂದಾಗ ಗುರುಗಳು ಸಲ್ಲೇಖನೆಗೆ ಅನುಮತಿ ಕೊಡದೆ ರೋಗಶಮನ ಮಾಡಿಕೊಂಡು ಬರುವಂತೆ ಆಜ್ಞಾಪಿಸಿದರೆಂಬ ಕಥೆಯೂ ಈ ಭಾವಕ್ಕೆ ಹೊಂದುತ್ತದೆ. ಶ್ರಾವಕನಿಗೆ ವಿಧಿಸಿದ ದಾನಗಳಲ್ಲಿ ಔಷಧದಾನವೊಂದು. ಹೊಯ್ಸಳರ ಕಾಲದ ಜೈನಶಾಸನಗಳಲ್ಲಿ ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ನಾಲ್ಕು ದಾನಗಳಲ್ಲಿ ಆಸಕ್ತರೆಂದು ದಾನಿಗಳನ್ನು ಹೊಗಳುವ ಮಾತು ಮತ್ತೆ ಮತ್ತೆ ಬರುತ್ತದೆ. ಔಷಧವನ್ನು ಕೊಡಲೇಬೇಕು, ಆದರೆ ಜಗತ್ತಿನ ವೈದ್ಯಶಾಸ್ತ್ರ ಬಳಸುವ ದ್ರವ್ಯಗಳಲ್ಲಿ ಹಲವನ್ನು ಮುಟ್ಟಲಾಗದು. ಈ ಇಕ್ಕಟ್ಟಿನಿಂದಲೇ ಜೈನ ವೈದ್ಯಸಾಹಿತ್ಯ ತನ್ನ ಬೇರೆ ದಾರಿಯನ್ನು ಹಿಡಿಯಿತು.

ಈ ಪರಂಪರೆಯ ಮೊದಲಲ್ಲಿ ನಿಲ್ಲುವ ಹೆಸರು ಪೂಜ್ಯಪಾದರದು. ಜೈನೇಂದ್ರ ವ್ಯಾಕರಣವನ್ನೂ ಸರ್ವಾರ್ಥಸಿದ್ಧಿಯನ್ನೂ ರಚಿಸಿದ ದೇವನಂದಿಗಳೇ ವೈದ್ಯಶಾಸ್ತ್ರವನ್ನೂ ರಚಿಸಿದರೆಂಬ ಪ್ರತೀತಿ ನಗರ ತಾಲ್ಲೂಕಿನ ೪೬ನೆಯ ಶಾಸನದಲ್ಲಿ ಸ್ಪಷ್ಟವಾಗಿದೆ. ಶುಭಚಂದ್ರರು ಜ್ಞಾನಾರ್ಣವದಲ್ಲಿ ದೇವನಂದಿಗಳ ವಚನಗಳು ಕಾಯ, ವಾಕ್, ಚಿತ್ತಗಳ ಕಲಂಕವನ್ನು ಕಳೆಯುತ್ತವೆಂದು ಸ್ತುತಿಸಿರುವುದನ್ನೂ ವಿದ್ವಾಂಸರು ಇದಕ್ಕೆ ಪೋಷಕವಾಗಿ ಎತ್ತಿಕೊಂಡಿದ್ದಾರೆ. ಇಂದು ಪೂಜ್ಯಪಾದರ ಹೆಸರಿನಲ್ಲಿ ಓಡಾಡುವ ಬಿಡಿಯೋಗಗಳನ್ನೆಲ್ಲ ಅವರವೆಂದು ನಂಬುವಂತಿಲ್ಲ. ಮಹನೀಯರ ಹೆಸರನ್ನು ಮದ್ದಿಗೆ ಕಟ್ಟುವುದು ನಮ್ಮ ದೇಶದಲ್ಲಿ ಹೊಸದಲ್ಲ.

ಗಟ್ಟಿಯಾದ ನೆಲ ಸಿಗುವುದು ಉಗ್ರಾದಿತ್ಯಾಚಾರ್ಯರ ಸಂಸ್ಕೃತ ‘ಕಲ್ಯಾಣಕಾರಕ’ದಲ್ಲಿ. ಶ್ರೀನಂದಿಗಳ ಶಿಷ್ಯರಾದ ಇವರು ರಾಮಗಿರಿಯಲ್ಲಿದ್ದು ಗ್ರಂಥರಚನೆ ಮಾಡಿದರು. ತಮಗಿಂತ ಹಿಂದಿನ ಜೈನ ವೈದ್ಯಾಚಾರ್ಯರ ಹೆಸರುಗಳನ್ನು ಇವರು ವಿಷಯವಾರಾಗಿ ಹೇಳುತ್ತಾರೆ. ಶಾಲಾಕ್ಯಕ್ಕೆ ಪೂಜ್ಯಪಾದರು, ಶಲ್ಯತಂತ್ರಕ್ಕೆ ಪಾತ್ರಸ್ವಾಮಿಗಳು, ವಿಷ ಮತ್ತು ಉಗ್ರಗ್ರಹಗಳ ಶಮನಕ್ಕೆ ಸಿದ್ಧಸೇನರು, ಕಾಯಚಿಕಿತ್ಸೆಗೆ ದಶರಥಗುರುಗಳು, ಬಾಲಚಿಕಿತ್ಸೆಗೆ ಮೇಘನಾದರು ಎಂದು ಮುಂತಾಗಿ ಸಾಗುವ ಆ ಪಟ್ಟಿಯಲ್ಲಿ ಅಷ್ಟಾಂಗಗಳನ್ನೂ ವಿಸ್ತರಿಸಿದವರಾಗಿ ಸಮಂತಭದ್ರರು ಬರುತ್ತಾರೆ. ಇವುಗಳಲ್ಲಿ ಒಂದಾದರೂ ಪೂರ್ಣವಾಗಿ ದೊರೆತರೆ ನಮ್ಮ ವೈದ್ಯಚರಿತ್ರೆಯನ್ನೇ ಮತ್ತೆ ಬರೆಯಬೇಕಾದೀತು. ಇಪ್ಪತ್ತೈದು ಪರಿಚ್ಛೇದಗಳ ಮೇಲೆ ಗ್ರಂಥಕ್ಕೆ ಸೇರಿದ ಹಿತಾಹಿತಾಧ್ಯಾಯ ನಮ್ಮ ವಿಚಾರಕ್ಕೆ ತೀರ ಮುಖ್ಯವಾದುದು. ನೃಪತುಂಗನ ಸಭೆಯಲ್ಲಿ ಅನೇಕ ವೈದ್ಯವಿದ್ವಾಂಸರ ಎದುರಿನಲ್ಲಿ ಮಾಂಸವು ಔಷಧವಲ್ಲವೆಂದು ಪ್ರತಿಪಾದಿಸಿದ ವಾದವೇ ಈ ಅಧ್ಯಾಯದ ವಸ್ತು. ಈ ನೃಪತುಂಗನನ್ನು ರಾಷ್ಟ್ರಕೂಟ ಅಮೋಘವರ್ಷನೊಡನೆ (ಕ್ರಿ.ಶ. ೮೧೪–೮೭೮) ಗುರುತಿಸುವುದು ರೂಢಿ, ಉಗ್ರಾದಿತ್ಯರ ಕಾಲವನ್ನು ಕೆಲವು ದಶಕಗಳಷ್ಟು ಹಿಂದೆ ಇಡುವವರೂ ಇದ್ದಾರೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮಾಂಸಸೇವನೆ ಪಾಪವೆಂದಷ್ಟೇ ಹೇಳಿ ಅವರು ಸುಮ್ಮನಾಗಿದ್ದರೆ ಅದು ಧರ್ಮೋಪದೇಶವಾಗುತ್ತಿತ್ತು. ವೈದ್ಯರ ಸಭೆಯಲ್ಲಿ ಅದು ನಿಲ್ಲುತ್ತಿರಲಿಲ್ಲ. ಔಷಧವೆಂಬ ಲಕ್ಷಣವೇ ಮಾಂಸಕ್ಕೆ ಒಪ್ಪುವುದಿಲ್ಲವೆಂದು ವೈದ್ಯಶಾಸ್ತ್ರದ ಪರಿಭಾಷೆಯಲ್ಲಿಯೇ ಅವರು ವಾದಿಸಿದರು. ಈ ಗ್ರಂಥವನ್ನು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಹಿಂದೀ ಅನುವಾದದೊಡನೆ ಸಂಪಾದಿಸಿ ೧೯೪೦ರಲ್ಲಿ ಸೊಲ್ಲಾಪುರದಿಂದ ಪ್ರಕಟಿಸಿದರು. ಇದನ್ನು ಓದದೆಯೇ ಕಲ್ಯಾಣಕಾರಕವು ಕೇವಲ ಸೊಪ್ಪುಬೇರುಗಳ ವೈದ್ಯವೆಂದು ಹೇಳುವ ಪರಿಪಾಠ ಈಚೆಗೆ ಹೆಚ್ಚಿದೆ. ಅದರಲ್ಲಿ ರಸಪ್ರಯೋಗವೂ ಇದೆ. ಪಾದರಸದ ಸಂಸ್ಕಾರಕ್ಕೆ ಪ್ರತ್ಯೇಕ ಪರಿಚ್ಛೇದವಿದೆ. ಮಾಂಸವನ್ನು ಬಿಟ್ಟಮಾತ್ರಕ್ಕೆ ಉಳಿದದ್ದೆಲ್ಲ ಗಿಡಮೂಲಿಕೆಯೆಂದು ತಿಳಿಯಬಾರದು.

ಕನ್ನಡದಲ್ಲಿ ಜಗದ್ದಳ ಸೋಮನಾಥನು ಸು. ಕ್ರಿ.ಶ. ೧೧೫೦ರಲ್ಲಿ ಪೂಜ್ಯಪಾದರ ಕಲ್ಯಾಣಕಾರಕವನ್ನು ಅನುಸರಿಸಿ ‘ಕರ್ನಾಟಕ ಕಲ್ಯಾಣಕಾರಕ’ವನ್ನು ಬರೆದನು. ಮದ್ಯಮಾಂಸಗಳಿಲ್ಲದ ಚಿಕಿತ್ಸಾಕ್ರಮ ಅವನ ಗ್ರಂಥದ ವೈಶಿಷ್ಟ್ಯವೆಂಬುದು ಸಾಹಿತ್ಯಚರಿತ್ರಕಾರರೆಲ್ಲರೂ ಒಪ್ಪಿರುವ ಮಾತು. ಮದ್ಯವನ್ನು ಬಿಡುವುದು ಮಾಂಸವನ್ನು ಬಿಡುವುದಕ್ಕಿಂತ ವೈದ್ಯನಿಗೆ ಕಠಿನ. ಆಸವ, ಅರಿಷ್ಟಗಳೆಂಬ ಇಡೀ ಕಲ್ಪನಾವರ್ಗವೇ ಹುಳಿತು ಮದ್ಯಾಂಶ ಹುಟ್ಟುವುದರ ಮೇಲೆ ನಿಂತಿದೆ. ಅದನ್ನು ಬಿಟ್ಟ ವೈದ್ಯನಿಗೆ ಕಷಾಯ, ಚೂರ್ಣ, ಲೇಹ, ಘೃತ, ತೈಲಗಳೇ ಉಳಿಯುತ್ತವೆ. ಇವು ಮನೆಯಲ್ಲಿ ಮಾಡಿಕೊಳ್ಳಬಹುದಾದವು. ಜೈನ ವೈದ್ಯವು ಅಡಿಗೆಮನೆಗೆ ಸುಲಭವಾಗಿ ಇಳಿದುಬಂದುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನ್ನ ಊಹೆ.

ಇದಕ್ಕೂ ಹಿಂದೆ, ಸು. ೧೧೨೫ರಲ್ಲಿ, ಚಾಲುಕ್ಯ ರಾಜಪುತ್ರ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದಿದ್ದನು. ಮಂಗರಾಜನ ‘ಖಗೇಂದ್ರಮಣಿದರ್ಪಣ’ (ಸು. ೧೩೬೦) ವಿಷವೈದ್ಯದ ಮಹಾಗ್ರಂಥ, ಸ್ಥಾವರ, ಜಂಗಮವಿಷಗಳೆರಡನ್ನೂ ವಿವರಿಸುವ ಇದು ೧೯೪೨ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದಿಂದ ಪ್ರಕಟವಾಯಿತು. ಶ್ರೀಧರದೇವನ ‘ವೈದ್ಯಾಮೃತ’ (ಸು. ೧೫೦೦), ಸಾಳ್ವನ ‘ವೈದ್ಯಸಾಂಗತ್ಯ’ (ಸು. ೧೫೫೦) ಮುಂದಿನವು. ಇವುಗಳ ವಿವರಗಳನ್ನು ಮೊದಲು ಕ್ರಮವಾಗಿ ಒದಗಿಸಿದವರು ಮೈಸೂರಿನಲ್ಲಿಯೇ ಕುಳಿತು ‘ಕರ್ನಾಟಕ ಕವಿಚರಿತೆ’ಯ ಮೂರು ಸಂಪುಟಗಳನ್ನು (೧೯೦೭, ೧೯೧೯, ೧೯೨೯) ಹೊರತಂದ ಆರ್. ನರಸಿಂಹಾಚಾರ್ಯರೂ ಅವರ ಸಹಕಾರಿಗಳೂ. ಮೂಡಬಿದಿರೆ ಮೊದಲಾದೆಡೆಗಳ ಭಂಡಾರಗಳನ್ನು ಕೆ. ಭುಜಬಲಿ ಶಾಸ್ತ್ರಿಗಳು ಶೋಧಿಸಿ ೧೯೪೮ರಲ್ಲಿ ತಾಡಪತ್ರೀಯ ಗ್ರಂಥಸೂಚಿಯನ್ನು ಪ್ರಕಟಿಸಿದ ಮೇಲೆ ನಮ್ಮ ಕೆಲಸ ಇನ್ನೂ ಹಗುರವಾಯಿತು. ಆದರೆ ಇವರೆಲ್ಲರ ಗಮನ, ಸಹಜವಾಗಿಯೇ, ಕರ್ತೃವುಳ್ಳ ಗ್ರಂಥಗಳ ಮೇಲೆ ಇದ್ದಿತು. ೧೮೯೧ರಲ್ಲಿ ತೆರೆದ ಮೈಸೂರು ಪ್ರಾಚ್ಯಗ್ರಂಥಾಲಯ ಚಾಮರಾಜಪುರಂನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದ್ದರೂ ಆ ಮನೆಯ ಲೆಕ್ಕದ ಪುಸ್ತಕ ಅಲ್ಲಿಗೆ ಹೋಗಲಿಲ್ಲ. ಹೋಗಿದ್ದರೂ ಅದನ್ನು ಯಾವ ಸೂಚಿಯಲ್ಲಿ ಸೇರಿಸಬೇಕೆಂಬುದೇ ತೊಡಕಾಗುತ್ತಿತ್ತು.

ದೊಡ್ಡ ಗ್ರಂಥಗಳಲ್ಲಿ ಕಾಣದ ಒಂದು ಸಂಗತಿ ಇಂತಹ ಮನೆಪುಸ್ತಕಗಳಲ್ಲಿ ಕಾಣುತ್ತದೆ. ಮಾಂಸಮದ್ಯಗಳ ಪ್ರಶ್ನೆ ಮನೆಮದ್ದಿನಲ್ಲಿ ಏಳುವುದೇ ಇಲ್ಲ. ಅಲ್ಲಿ ಏಳುವುದು ಸಸ್ಯಗಳ ಒಳಗಿನ ಪ್ರಶ್ನೆ. ಯಾವ ಗಿಡ, ಅದರ ಯಾವ ಅಂಗ, ಹಸಿಯೋ ಒಣಗಿದ್ದೋ, ಬೆಂಕಿ ತಾಗಿದ್ದೋ ತಾಗದ್ದೋ ಎಂಬುದೇ ಇಲ್ಲಿನ ವಿಚಾರ. ಚಾಮರಾಜಪುರಂನ ಪುಸ್ತಕದ ಯೋಗಗಳಲ್ಲಿ ಬಹುಪಾಲು ಒಣಸರಕಿನವು. ತ್ರಿಕಟುವಿನ ಮೂರೂ ಒಣಗಿದವು; ಅಳಲೆ, ತಾರೆ, ನೆಲ್ಲಿಗಳ ತ್ರಿಫಲವೂ ಒಣಗಿದ್ದು; ಅರಿಸಿನ ಬೇಯಿಸಿ ಒಣಗಿಸಿದ್ದು. ಅಳಲೆಯಂತೂ ನೀರಿನ ಶುದ್ಧಿಯಲ್ಲಿಯೂ ಬರುತ್ತದೆ. ಸೋಸಿದ ನೀರು ಒಂದು ಮುಹೂರ್ತ, ಅಂದರೆ ೪೮ ನಿಮಿಷ. ಲವಂಗ, ಅಳಲೆ ಮುಂತಾದವುಗಳಿಂದ ಪ್ರಾಸುಕಗೊಳಿಸಿದ ನೀರು ಎರಡು ಪ್ರಹರ. ಚೆನ್ನಾಗಿ ಕುದಿಸಿದ್ದು ಎಂಟು ಪ್ರಹರ ಎಂಬ ಮರ್ಯಾದೆ ನಮ್ಮ ಮನೆಗಳಲ್ಲಿ ಪ್ರಸಿದ್ಧವಾಗಿದೆ. ಮದ್ದು ಯಾವುದು, ನಿತ್ಯಾಚಾರ ಯಾವುದು ಎಂದು ಇಲ್ಲಿ ಗೆರೆ ಎಳೆಯುವುದು ಕಷ್ಟ. ಮಕ್ಕಳ ಶೀತಕ್ಕೆ ದೊಡ್ಡಪತ್ರೆಯ ಎಲೆಯನ್ನು ಕೆಂಡದ ಮೇಲೆ ಬಾಡಿಸಿ ರಸ ಹಿಂಡಬೇಕೆಂದು ಪುಸ್ತಕದಲ್ಲಿದೆ. ಬೆಂಕಿ ತಾಗಿದ ಎಲೆ ಪ್ರಾಸುಕವಾಯಿತೆಂದು ನಾವು ಅರ್ಥ ಹಚ್ಚಬಹುದು. ಆದರೆ ಮೈಸೂರು ಸೀಮೆಯ ಎಲ್ಲ ಜಾತಿಗಳ ಮನೆಗಳಲ್ಲಿಯೂ ಹೀಗೆಯೇ ಬಾಡಿಸುತ್ತಾರೆ. ರಸ ಸುಲಭವಾಗಿ ಬರುತ್ತದೆಂಬುದೇ ಅದಕ್ಕೆ ಸಾಕಾದ ಕಾರಣ. ಜೈನಾಚಾರಕ್ಕೆ ಹೊಂದುವುದೆಲ್ಲ ಜೈನಾಚಾರದಿಂದ ಹುಟ್ಟಿದುದಲ್ಲ.

ಒಣಗಿಸುವ ಉಪಾಯಕ್ಕೂ ಒಂದು ಎಲ್ಲೆಯಿದೆ. ಅದನ್ನು ತೋರಿಸಿದವರು ಅಮೃತಚಂದ್ರಸೂರಿಗಳು. ಅತ್ತಿ, ಆಲ, ಅರಳಿ, ಬಸರಿ ಮುಂತಾದ ಪಂಚೋದುಂಬರಗಳ ಹಣ್ಣುಗಳೊಳಗೆ ತ್ರಸಜೀವಿಗಳಿರುವುದರಿಂದ ಅವು ವರ್ಜ್ಯ. ಅತ್ತಿಯ ಹಣ್ಣನ್ನು ಬಿಡಿಸಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಜಾತಿಯ ಮರಗಳಿಗೂ ಅವುಗಳ ಕಾಯೊಳಗೆ ಮೊಟ್ಟೆಯಿಡುವ ಸಣ್ಣ ಕಣಜಗಳಿಗೂ ಇರುವ ಪರಸ್ಪರಾಶ್ರಯವನ್ನು ಇಂದಿನ ಜೀವಶಾಸ್ತ್ರವೂ ವರ್ಣಿಸುತ್ತದೆ. ಕಾಲಾಂತರದಲ್ಲಿ ಒಣಗಿ ತ್ರಸಜೀವಿಗಳಿಲ್ಲದಂತಾದ ಹಣ್ಣನ್ನು ತಿನ್ನಬಹುದೆ? ಅದರಲ್ಲಿಯೂ ವಿಶೇಷರಾಗರೂಪವಾದ ಹಿಂಸೆಯಿದೆಯೆಂದು ಪುರುಷಾರ್ಥಸಿದ್ಧ್ಯುಪಾಯದ ನಿರ್ಣಯ. ಅಂತೂ ಶುಂಠಿಗೆ ಒದಗಿದ ಸಮಾಧಾನ ಅತ್ತಿಗೆ ಒದಗಲಿಲ್ಲ. ಆದರೆ ಅದೇ ಮರಗಳ ತೊಗಟೆ ವೈದ್ಯರಿಗೆ ಬಹು ಬೇಕಾದುದು. ಆಲ, ಅತ್ತಿ, ಅರಳಿ, ಬಸರಿ, ಹೂವರಸಿಗಳ ತೊಗಟೆಯ ಪಂಚವಲ್ಕಲ ಕಷಾಯದಿಂದ ವ್ರಣವನ್ನು ತೊಳೆಯುವುದು ಆಯುರ್ವೇದದಲ್ಲಿ ಪ್ರಸಿದ್ಧ. ಒಂದೇ ಮರದಲ್ಲಿ ಹಣ್ಣು ನಿಷಿದ್ಧ, ತೊಗಟೆ ಗ್ರಾಹ್ಯ. ಹಸ್ತಪ್ರತಿಯಲ್ಲಿ ‘ಅತ್ತಿ’ ಎಂದಷ್ಟೇ ಇದ್ದರೆ ಪಾಠವನ್ನು ಶಂಕಿಸುವ ಮೊದಲು ಯಾವ ಅಂಗ ವಿವಕ್ಷಿತವೆಂಬುದನ್ನು ಯೋಗದ ಪ್ರಯೋಜನದಿಂದ ನಿರ್ಧರಿಸಬೇಕ���. ಹುಣ್ಣು ತೊಳೆಯಲು ಹೇಳಿದ್ದರೆ ಅದು ತೊಗಟೆಯೇ ಸರಿ.

ಇನ್ನು ಜೇನು. ತಾನಾಗಿಯೇ ಹುಟ್ಟಿನಿಂದ ಸೋರಿ ಬಿದ್ದ ಜೇನನ್ನು ತೆಗೆದುಕೊಂಡರೂ ಅದರಲ್ಲಿ ನೆಲೆಸಿದ ಪ್ರಾಣಿಗಳ ಘಾತದಿಂದ ಹಿಂಸೆಯುಂಟೆಂದು ಅಮೃತಚಂದ್ರರ ಮತ. ಆದರೆ ಔಷಧಕ್ಕಾದರೆ? ಈ ಪ್ರಶ್ನೆಗೆ ನೇರವಾಗಿ ಉತ್ತರಿಸಿದವರು ಪಂಡಿತ ಆಶಾಧರರು. ವ್ರತಿಯಾದವನು ಬಸ್ತಿ ಮೊದಲಾದ ಚಿಕಿತ್ಸೆಗಳಲ್ಲಿಯೂ ಮಧುವನ್ನು ಬಳಸಬಾರದೆಂದು ಸಾಗಾರಧರ್ಮಾಮೃತದಲ್ಲಿ ಅವರು ಹೇಳುತ್ತಾರೆ. ನೂರಾರು ಪ್ರಯೋಗಗಳಲ್ಲಿ ಜೇನು ಸೇರುವಾಗ ಬಸ್ತಿಯನ್ನೇ ಏಕೆ ಹೆಸರಿಸಿದರು? ಬಸ್ತಿಯಲ್ಲಿ ಜೇನು ಬಾಯಿಂದ ಒಳಹೋಗುವುದಿಲ್ಲ. ಆದುದರಿಂದ ಅದು ಭೋಜನವಲ್ಲ, ವ್ರತಭಂಗವಲ್ಲ ಎಂದು ವಾದಿಸಲು ಅಲ್ಲಿ ಅವಕಾಶವಿದೆ. ನಿರೂಹಬಸ್ತಿಗೆ ದ್ರವ್ಯಗಳನ್ನು ಕೂಡಿಸುವಾಗ ಮೊದಲು ಬೀಳುವುದೇ ಜೇನು. ಆ ಬಾಗಿಲನ್ನೇ ಆಶಾಧರರು ಮುಚ್ಚಿದರು. ವಾಗ್ಭಟನ ಅಷ್ಟಾಂಗಹೃದಯಕ್ಕೆ ಉದ್ದ್ಯೋತವೆಂಬ ಟೀಕೆಯನ್ನು ತಾವು ಬರೆದುದಾಗಿ ಅವರೇ ಹೇಳಿಕೊಂಡಿದ್ದಾರೆ. ಅದು ಇಂದು ಉಪಲಬ್ಧವಿಲ್ಲ. ವೈದ್ಯವನ್ನು ಒಳಗಿನಿಂದ ಬಲ್ಲವರ ಕೈಯಿಂದ ಮಾತ್ರ ಇಂತಹ ನಿಯಮ ಬರಲು ಸಾಧ್ಯ. ಅವರು ಹೇಳಿದ್ದು ‘ವ್ರತಿ’ಗೆ ಎಂಬುದನ್ನು ಮಾತ್ರ ಮರೆಯಬಾರದು. ಚಾಮರಾಜಪುರಂನ ಮನೆಯಲ್ಲಿ ಅತ್ತೆಯವರು ಸೀಸದ ಕಡ್ಡಿಯನ್ನು ಕೈಗೆತ್ತಿಕೊಂಡದ್ದೂ ವ್ರತಸ್ವೀಕಾರದ ಅನಂತರವೇ.

ಹಾಗಾದರೆ ಪ್ರತಿಯಲ್ಲಿ ‘ಬೆಲ್ಲ’ ಕಂಡರೆ ಅದು ಜೈನಪ್ರತಿಯೆಂದೂ ‘ಜೇನು’ ಕಂಡರೆ ಅಲ್ಲವೆಂದೂ ಹೇಳಬಹುದೆ? ಎರಡೂ ಸಾಧುವಲ್ಲ. ಜೇನು ದೊರೆಯದಿದ್ದಾಗ ಹಳೆಯ ಬೆಲ್ಲವನ್ನು ಬಳಸಬೇಕೆಂಬುದು ವೈದ್ಯಶಾಸ್ತ್ರದ ಸಾಮಾನ್ಯ ಪ್ರತಿನಿಧಿದ್ರವ್ಯವಿಧಿ. ಜೈನೇತರ ಗ್ರಂಥಗಳಲ್ಲಿಯೇ ಅದು ಹೇಳಿದೆ. ಹೊಸ ಬೆಲ್ಲ ಕಫವನ್ನು ಹೆಚ್ಚಿಸುತ್ತದೆಂದೂ ಹಳೆಯದು ಪಥ್ಯವೆಂದೂ ಆ ಶಾಸ್ತ್ರದ ಅಭಿಪ್ರಾಯ. ಕೆಮ್ಮಿಗೆ ಕಫಹರವಾದ ಜೇನಿನ ಸ್ಥಾನದಲ್ಲಿ ಹೊಸ ಬೆಲ್ಲವನ್ನು ಹಾಕಿದರೆ ಆ ಶಾಸ್ತ್ರದ ಪ್ರಕಾರ ಮದ್ದು ಕೆಟ್ಟಂತೆಯೇ. ಆ ಗೃಹಿಣಿ ವ್ರತವನ್ನೂ ಉಳಿಸಿಕೊಂಡರು, ವೈದ್ಯವನ್ನೂ ಕೆಡಿಸಲಿಲ್ಲ. ನಾನು ವ್ಯರ್ಥವೆಂದು ಬಿಟ್ಟ ‘ಹಳೇ’ ಎಂಬ ಎರಡಕ್ಷರಗಳಲ್ಲಿಯೇ ಅವರ ತಿಳಿವಳಿಕೆಯೆಲ್ಲ ಇದ್ದಿತು. ಇನ್ನೊಂದು ಕಡೆ, ೧೯೦೮ರಲ್ಲಿ ಮೈಸೂರಿನಲ್ಲಿ ಆಯುರ್ವೇದ ಕಾಲೇಜು ಆರಂಭವಾದ ಮೇಲೆ ಪದವೀಧರ ಪಂಡಿತರ ಚೀಟಿಗಳೂ ಅಚ್ಚಾದ ವೈದ್ಯಪುಸ್ತಕಗಳೂ ನಗರದ ಮನೆಗಳಿಗೆ ಬಂದವು. ಮನೆಪುಸ್ತಕದ ‘ಜೇನು’ ಅಂತಹ ಮೂಲದಿಂದ ಹಾಗೆಯೇ ಇಳಿದುಬಂದಿರುವ ಸಂಭವವೂ ಉಂಟು. ಒಂದು ಪದದಿಂದ ಪ್ರತಿಯ ಮತವನ್ನು ನಿರ್ಣಯಿಸುವುದು ಅವಸರವೆನಿಸುತ್ತದೆ.

ತಾಡಪತ್ರಗಳಲ್ಲಿ ತೊಡಕು ಇನ್ನೂ ಹೆಚ್ಚು. ‘ಮಧುಕ’ವೆಂದರೆ ಅತಿಮಧುರ, ಅಂದರೆ ಯಷ್ಟಿಮಧು, ‘ಮಧೂಕ’ವೆಂದರೆ ಇಪ್ಪೆ. ಉಕಾರದ ದೀರ್ಘ ಮಸುಕಾದರೆ ಬೇರು ಹೂವಾಗುತ್ತದೆ. ಕೊನೆಯ ‘ಕ’ ಲುಪ್ತವಾದರೆ ಬೇರು ಜೇನಾಗುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸವನ್ನೂ ಎ-ಏ, ಒ-ಓಗಳ ಭೇದವನ್ನೂ ಲಕ್ಷಿಸದ ಬರಹದಲ್ಲಿ ಇಂತಹವು ದಿನನಿತ್ಯದ ಸಂಗತಿ. ಪ್ರಾಣಿಗಳ ಹೆಸರು ಹೊತ್ತ ಗಿಡಗಳೂ ಕಡಮೆಯಿಲ್ಲ. ಗೋಕ್ಷುರ ನೆಗ್ಗಿಲು, ಮೂಷಕಪರ್ಣಿ ಇಲಿಕಿವಿ, ಕಾಕಮಾಚಿ ಗಣಿಕೆ, ಅಶ್ವಗಂಧ ಹಿರೇಮದ್ದು. ಇವು ಸುಲಭ. ಕರ್ಕಟಕಶೃಂಗಿಯ ಮಾತು ಹಾಗಲ್ಲ. ಏಡಿಯ ಕೊಂಬೆಂದು ಹೆಸರಾದರೂ ಅದು ಮರದಲ್ಲಿ ಬೆಳೆಯುವ ಕೊಂಬು. ಮರದಲ್ಲಿ ಬೆಳೆದರೂ ಕೀಟಗಳ ಬಾಧೆಯಿಂದ ಉಬ್ಬಿದ ಗಂಟು. ಅದನ್ನು ಸಸ್ಯವರ್ಗದಲ್ಲಿ ಸೇರಿಸಿ ನಿಶ್ಚಿಂತರಾಗುವ ನಾವು ಅರಗನ್ನು ಎಲ್ಲಿ ಇಡುತ್ತೇವೆ?

ಈ ಸಂದರ್ಭದಲ್ಲಿ ಶ್ವೇತಾಂಬರ ಆಗಮವಾದ ಭಗವತೀಸೂತ್ರದ ಹದಿನೈದನೆಯ ಶತಕವನ್ನು ನೆನೆಯಬೇಕು. ಗೋಶಾಲಕನ ಪ್ರಸಂಗದ ಅನಂತರ ಅಸ್ವಸ್ಥರಾದ ಭಗವಂತರಿಗೆ ರೇವತಿಯೆಂಬ ಶ್ರಾವಿಕೆ ಕೊಟ್ಟ ಆಹಾರದ ವರ್ಣನೆಯಲ್ಲಿ ಕಪೋತ, ಕುಕ್ಕುಟ ಎಂಬ ಪದಗಳು ಬರುತ್ತವೆ. ಹನ್ನೊಂದನೆಯ ಶತಮಾನದ ಅಭಯದೇವಸೂರಿಗಳ ವೃತ್ತಿಯಲ್ಲಿ ಇವಕ್ಕೆ ಕೂಷ್ಮಾಂಡವೆಂದೂ ಬೀಜಪೂರವೆಂದೂ, ಎಂದರೆ ಬೂದುಗುಂಬಳ, ಮಾದಳಗಳೆಂದೂ ವನಸ್ಪತಿಪರವಾದ ಅರ್ಥವನ್ನು ಕೊಟ್ಟಿದೆ. ದಿಗಂಬರರು ಈ ಪ್ರಸಂಗವನ್ನೇ ಒಪ್ಪುವುದಿಲ್ಲವಾದುದರಿಂದ ಅದರ ಅರ್ಥನಿರ್ಣಯ ನಮಗೆ ಪ್ರಕೃತವಲ್ಲ. ನನ್ನನ್ನು ಆಕರ್ಷಿಸಿದ್ದು ವೃತ್ತಿಕಾರರ ವಿಧಾನ. ಪದದ ನೇರ ಅರ್ಥವನ್ನು ಹೇಳುವವರಿದ್ದಾರೆಂಬುದನ್ನೂ ಅವರು ಮರೆಮಾಚಲಿಲ್ಲ. ಮೂಲದ ಒಂದಕ್ಷರವನ್ನೂ ಕದಲಿಸಲಿಲ್ಲ. ವ್ಯಾಖ್ಯಾನವನ್ನು ವೃತ್ತಿಯಲ್ಲಿಟ್ಟರು, ಪಾಠವನ್ನು ಪಾಠವಾಗಿ ಉಳಿಸಿದರು. ಆಗಮಪಾಠದಲ್ಲಿ ಅವರು ಪಾಲಿಸಿದ ಸಂಯಮವನ್ನು ಕೆಮ್ಮಿನ ಮದ್ದಿನ ಪಾಠದಲ್ಲಿ ನಾನು ಪಾಲಿಸಲಿಲ್ಲ.

ಈ ವಿಚಾರಕ್ಕೆ ಈಗ ತುರ್ತೂ ಇದೆ. ಸಹಜಜೀವನ, ಸಸ್ಯಮೂಲ ಮನೆಮದ್ದು ಎಂಬ ಹೆಸರುಗಳಲ್ಲಿ ಹಲವು ಕಿರುಹೊತ್ತಗೆಗಳು ಬರುತ್ತಿವೆ. ಮನೆಮನೆಯ ಹಳೆಯ ಪುಸ್ತಕಗಳಿಂದ ಯೋಗಗಳನ್ನು ಆಯ್ದು, ಜೇನಿದ್ದೆಡೆ ಬೆಲ್ಲ ಹಾಕಿ, ಅಲ್ಲವಿದ್ದೆಡೆ ಶುಂಠಿ ಹಾಕಿ, ‘ಪ್ರಾಚೀನ ಜೈನವೈದ್ಯ’ವೆಂದು ಅಚ್ಚುಮಾಡುವುದನ್ನು ನೋಡುತ್ತಿದ್ದೇನೆ. ಅವರ ಉದ್ದೇಶ ಒಳ್ಳೆಯದೇ. ನನ್ನದೂ ಒಳ್ಳೆಯದೇ ಆಗಿತ್ತು. ಆದರೆ ಹಸಿಯ ಒಂದು ತೂಕ ಒಣಗಿದ್ದರ ಒಂದು ತೂಕಕ್ಕೆ ಸಮವಲ್ಲ. ಪದವನ್ನು ಬದಲಿಸಿ ಪ್ರಮಾಣವನ್ನು ಹಾಗೆಯೇ ಬಿಟ್ಟರೆ ಸೇವಿಸುವವರಿಗೆ ತೊಂದರೆಯಾಗಬಹುದು. ‘ಅಡಕೆಯಷ್ಟು’, ‘ನೆಲ್ಲಿಕಾಯಿಯಷ್ಟು’ ಎಂಬ ಅಳತೆಗಳನ್ನು ಗ್ರಾಂಗಳಿಗೆ ತಿರುಗಿಸುವಲ್ಲಿಯೂ ಇದೇ ಅಪಾಯವಿದೆ. ಶುದ್ಧಿಮಾಡದ ವಿಷದ್ರವ್ಯಗಳು ಬರುವ ಯೋಗಗಳನ್ನಂತೂ ವೈದ್ಯರಿಗೆ ತೋರಿಸದೆ ಯಾರೂ ಪ್ರಯೋಗಿಸತಕ್ಕದ್ದಲ್ಲ. ಒಂದು ವರ್ಷದೊಳಗಿನ ಶಿಶುವಿಗೆ ಜೇನನ್ನು ನೆಕ್ಕಿಸಬಾರದೆಂದು ಇಂದಿನ ಮಕ್ಕಳ ವೈದ್ಯರು ಹೇಳುತ್ತಾರೆ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಾಣುಬೀಜ ಎಳೆಗೂಸಿನ ಕರುಳಿನಲ್ಲಿ ವಿಷವನ್ನು ಹುಟ್ಟಿಸಬಲ್ಲುದೆಂಬುದು ಅದಕ್ಕೆ ಕಾರಣ. ಇದನ್ನು ಹಿಡಿದುಕೊಂಡು ನಮ್ಮ ಆಚಾರ್ಯರು ಇದನ್ನು ಮೊದಲೇ ಅರಿತಿದ್ದರೆಂದು ಹೇಳಹೊರಡುವುದು ಮಾತ್ರ ಸಲ್ಲದು. ಅವರು ಜೇನನ್ನು ಬಿಡಿಸಿದ್ದು ಜೇನುನೊಣದ ಸಲುವಾಗಿ. ಆ ಕಾರಣ ಸ್ವತಂತ್ರವಾಗಿಯೇ ನಿಲ್ಲುತ್ತದೆ.

ಮನೆಪುಸ್ತಕಗಳ ಸಂಪಾದನೆಯಲ್ಲಿ ಕೈಬರಹಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು, ಮಸಿ ಮತ್ತು ಸೀಸಗಳನ್ನು ದಾಖಲಿಸುವುದು, ಹೊಡೆದುಹಾಕಿದ್ದನ್ನೂ ಹೊಡೆಯದೆ ಮೇಲೆ ಬರೆದದ್ದನ್ನೂ ಪ್ರತ್ಯೇಕವಾಗಿ ತೋರಿಸುವುದು ಅವಶ್ಯ. ಬರೆದವರ ವ್ರತಸ್ಥಿತಿಯನ್ನು ಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಅವರಿಂದ ಕೇಳಿ ಬರೆದುಕೊಳ್ಳಬೇಕು. ನಾನು ಮೊದಲ ಸಲ ಹೋದಾಗ ಅಜ್ಜಿಯವರು ಪಕ್ಕದ ಕೋಣೆಯಲ್ಲಿಯೇ ಇದ್ದರು. ಅವರನ್ನು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಈಗ ಪುಸ್ತಕದ ಮದ್ದಿನ ಪುಟಗಳಷ್ಟನ್ನೇ ಅಲ್ಲದೆ ಲೆಕ್ಕದ ಪುಟಗಳನ್ನೂ ಛಾಯಾಚಿತ್ರ ತೆಗೆಯಿಸಿದ್ದೇನೆ. ಲೆಕ್ಕದ ಭಾಗದಲ್ಲಿ ‘ಜೇನು’ ಎಂಬ ಬಾಬು ಕೆಲವು ವರ್ಷ ಬಂದು ಆಮೇಲೆ ನಿಂತುಹೋಗಿದೆ. ಯಾವ ಪುಟದಿಂದ ನಿಂತಿತೆಂಬುದನ್ನು ಗುರುತಿಸಿದರೆ ಸೀಸದ ಬರಹದ ಕಾಲ ಸ್ಥೂಲವಾಗಿ ಸಿಗುವಂತಿದೆ. ಆ ಕೆಲಸ ನಡೆಯುತ್ತಿದೆ. ಹೊಸ ನಕಲಿನಲ್ಲಿ ಕೆಳಗೆ ‘ಜೇನು’, ಮೇಲೆ ‘ಹಳೇ ಬೆಲ್ಲ’ ಎಂದು ಇದ್ದಂತೆಯೇ ಬರೆದಿದೆ. ನನ್ನ ಹಳೆಯ ನಕಲಿನ ಅಂಚಿನಲ್ಲಿ ತಪ್ಪನ್ನು ನಮೂದಿಸಿ ಅದನ್ನೂ ಇದರೊಡನೆ ಇಟ್ಟಿದ್ದೇನೆ.